ನೊಹೆಮಿ ಟೀಚರು ಕಲಿಸಿದ ದೂರ

ಮೆಡೆಲಿನ್‌ನ ಗುಡ್ಡದ ಕೇರಿಯಲ್ಲಿ ನೊಹೆಮಿ ಟೀಚರು ಜೀವಮಾನವೆಲ್ಲ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದರು. ಗಂಡನಿಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಕೇರಿಗೆಲ್ಲ ಕೇಳುವಷ್ಟು ಜೋರು. "ದೂರದ ಮನೆಗೆ ಅಷ್ಟು ಕಪ್ಪು ಮೆತ್ತಬೇಡ್ವೋ! ಮಂಜು ಕಾಣಲ್ವಾ ನಿಂಗೆ? ನೀರು ಸೇರಿಸು, ತೆಳ್ಳಗೆ ಮಾಡು. ಕೂತ ಜಾಗದಿಂದ ಹೆಂಗೆ ಕಾಣುತ್ತೋ ಹಂಗೇ ಬರಿ. ಗೆರೆಗಳೆಲ್ಲ ನಿನ್ನ ಕಣ್ಣಿನ ಮಟ್ಟಕ್ಕೇ ಬಂದು ಕೂಡ್ಬೇಕು."

ಡಿಸೆಂಬರಿನ ದೀಪದ ಹಬ್ಬಕ್ಕೆ ಚರ್ಚಿನ ಅಂಗಳದಲ್ಲಿ ಮಕ್ಕಳ ಚಿತ್ರಗಳನ್ನು ಹಗ್ಗಕ್ಕೆ ನೇತುಹಾಕುವುದು ವಾಡಿಕೆ. ಆ ವರ್ಷ ಎಲ್ಲಕ್ಕಿಂತ ಚೆಂದದ್ದು ಪುಟ್ಟ ಯುರಾನಿಯದು: ಮುಂಜಾವಿನ ಮಂಜು, ಕೆಳಕ್ಕಿಳಿಯುವ ಮೆಟ್ಟಿಲು, ಕರಗುತ್ತ ಹೋಗುವ ತಗಡಿನ ಮಾಡುಗಳು. ಮಂಜಿನ ಬಣ್ಣ ನೋಡಿಯೇ ಟೀಚರು ಮೈಮರೆತರು. ಮೆಟ್ಟಿಲ ಕೊನೆಯಲ್ಲಿ ಬಿದ್ದಿದ್ದ ಮನುಷ್ಯನನ್ನೂ ಅವನ ಮೇಲೆ ಬಾಗಿದ್ದ ಕೆಂಪು ಟೋಪಿಯವನನ್ನೂ ನೋಡಲೇ ಇಲ್ಲ. ಹಾಳು ಕಣ್ಣು!

ನೋಡಿದವನು ಅಲ್ಬೇಯ್ರೊ. ಕೇರಿಯನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಗುಂಪಿನ ಯಜಮಾನ, ಒಂದು ಕಾಲದಲ್ಲಿ ಟೀಚರದೇ ಶಿಷ್ಯ. ಆ ಕೆಂಪು ಟೋಪಿ ಅವನದೇ. ಮೆಕ್ಕೆಜೋಳದ ರೊಟ್ಟಿ ಮಾರುವ ಎವೆಲಿಯೊ ಆ ಮೆಟ್ಟಿಲ ಮೇಲೆ ಕೊಲೆಯಾದಾಗ "ಯಾರೂ ನೋಡಿಲ್ಲ" ಎಂದು ಇಡೀ ಕೇರಿ ಪೊಲೀಸರಿಗೆ ಹೇಳಿತ್ತು. ಅಲ್ಬೇಯ್ರೊ ಮಾಡುಗಳ ಗೆರೆಗಳ ಮೇಲೆ ಬೆರಳಾಡಿಸುತ್ತ ಹೋಗಿ, ಅವು ಕೂಡಿದ ಕಡೆ, ಬರೆದವರ ಕಣ್ಣಿನ ಮಟ್ಟದಲ್ಲಿ, ನಿಲ್ಲಿಸಿದ. ಅಷ್ಟು ಎತ್ತರದಲ್ಲಿ, ಅದಕ್ಕೆ ನೇರ ಎದುರಾಗಿ ಇದ್ದದ್ದು ಒಂದೇ ಕಿಟಕಿ. ತಲೆಯೆತ್ತಿ ಅದನ್ನು ನೋಡಿದ.

"ಇದು ಯಾರ ಕೈ, ಟೀಚರ್?"

ಆಗ ಹೊಳೆಯಿತು ಟೀಚರಿಗೆ. ಚಿತ್ರದಲ್ಲಿದ್ದ ಕೆಂಪು ಟೋಪಿ ಈಗ ಕಂಡಿತು. "ನಂದೇ ಕಣೋ. ಮಕ್ಕಳಿಗೆ ಮಾದರಿ ಇರ್ಲಿ ಅಂತ ಬರ್ದೆ. ಆ ಮನೆಯೋರು ಅವತ್ತು ಇರ್ಲಿಲ್ಲ, ಬೀಗದ ಕೈ ನನ್ ಹತ್ರ ಇತ್ತು. ಏನು ಮಾಡೋದಿದ್ರೂ ನಂಗೇ ಮಾಡು."

"ಅಯ್ಯೋ ಟೀಚರ್, ಸುಳ್ಳು ಹೇಳ್ತೀರಲ್ಲ!" ಹಿಂದೆ ನಿಂತಿದ್ದ ಯುರಾನಿ ಮೂತಿ ಉಬ್ಬಿಸಿದಳು. "ಅದು ನಂದು! ನಮ್ಮನೆ ಕಿಟಕೀಲಿ ಕೂತು ನಾನೇ ಬರ್ದಿದ್ದು!"

ಅಲ್ಬೇಯ್ರೊ ಅವಳ ಕೆನ್ನೆ ತಟ್ಟಿದ. "ಭಾರಿ ಚೆನ್ನಾಗಿದೆ ಪುಟ್ಟಿ. ನಿಮ್ಮಮ್ಮಂಗೆ ಹೇಳು, ಕತ್ತಲಾಗೋದ್ರೊಳಗೆ ಮನೆ ಖಾಲಿ ಮಾಡ್ಲಿ. ಟೀಚರ್ ಮುಖ ನೋಡಿ ಇಷ್ಟಕ್ಕೆ ಬಿಡ್ತಿದೀನಿ."

ಸಂಜೆ ಮನೆಮನೆಯ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದಾಗ ತಾಯಿ ಮಗಳು ಹಾಸಿಗೆ ಸುತ್ತಿಕೊಂಡು ಗುಡ್ಡ ಇಳಿದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ನೊಹೆಮಿ ಟೀಚರು ಆಮೇಲೂ ಕಲಿಸಿದರು. ಹಣ್ಣು, ಹೂಜಿ, ಬಟ್ಟಲು, ಅಷ್ಟೇ. ಯಾವ ಮಗುವಾದರೂ ಹೊರಗೆ ನೋಡುತ್ತ ಕುಂಚ ಎತ್ತಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು.