ಏಳನೆಯ ದಿನದ ಫಾರ್ಮು

ನಮ್ಮ ಹಿರಿಯ ಸರ್ ಕೊನೆಯ ಬೆಂಚಿನಲ್ಲಿ ಕೂತರೆ ಅವರ ಮೊಣಕಾಲು ತಾಗಿ ಡೆಸ್ಕೇ ಒಂದು ಬೆರಳು ಮೇಲೇಳುತ್ತಿತ್ತು. ಅಷ್ಟು ಎತ್ತರದ ಆಳು. ಅದಕ್ಕೇ ಅಡ್ಡ ತಿರುಗಿ, ಒಂದು ಕಾಲನ್ನು ಓಡಾಡುವ ದಾರಿಗೆ ಚಾಚಿ ಕೂರುತ್ತಿದ್ದರು. ಬಾಜುವಿನ ಹುಡುಗರು ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ನನ್ನ ಪಾಠ ಕೇಳಲೆಂದು ಹಾಗೆ ಬಂದು ಕೂತ ಮೇಷ್ಟರು ನನ್ನ ಜೀವಮಾನದಲ್ಲಿ ಅವರೊಬ್ಬರೇ.

ನಾವಿಬ್ಬರೂ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರು. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಬಂದರೆ ಪಾಠ, ಇಲ್ಲವಾದರೆ ಮನೆ. ಸರ್ ಹತ್ತೊಂಬತ್ತು ವರ್ಷದಿಂದ ಅತಿಥಿಯಾಗಿದ್ದರು. ಇಷ್ಟು ದಿನ ಠಿಕಾಣಿ ಹೂಡಿದ ಅತಿಥಿಯನ್ನು ಯಾವ ಮನೆಯವರೂ ಸಹಿಸುವುದಿಲ್ಲ ಎಂದು ಅವರೇ ನಗುತ್ತಿದ್ದರು.

ನಾನು ಸೇರಿದ ಮೊದಲ ತಿಂಗಳು ಅವರು ಬಂದು, ನಿಮ್ಮ ಕ್ಲಾಸಿನಲ್ಲಿ ಕೂರಲೇ ಎಂದು ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಉಳಿದವರೆಲ್ಲ ಯಾವತ್ತೋ ಬೇಡ ಎಂದು ಮುಖ ತಿರುಗಿಸಿದ್ದರಂತೆ. ನನಗೆ ಬೇಡ ಅನ್ನುವ ಧೈರ್ಯ ಇರಲಿಲ್ಲ, ಅಷ್ಟೇ. ಪಾಠ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದರು. ಅರ್ಧ ದಾರಿಯಲ್ಲಿ, "ಮೇಡಂ, ಇಪ್ಪತ್ತು ಮಿನಿಟ ನೀವು ಬೋರ್ಡಿಗೆ ಪಾಠಾ ಹೇಳಿದ್ರಿ. ಅದಕ್ಕೇನ ಪರೀಕ್ಷಾ ಐತೇನ್ರಿ?" ಎಂದರು. ನನ್ನ ಕಿವಿ ಕೆಂಪಾದವು.

ಅವರ ಪದ್ಧತಿಯೇ ಅದು. ಒಂದು ಪಾಠಕ್ಕೆ ಒಂದೇ ಮಾತು. ಹೊಗಳಿಕೆ ಇಲ್ಲ, ಉಪದೇಶವೂ ಇಲ್ಲ. ಕಂಡದ್ದನ್ನು ಹೇಳುವುದು, ಬಸ್ಸು ಹತ್ತುವುದು. ಮರುದಿನ ತಮ್ಮ ಪಾಠಕ್ಕೆ ನನ್ನನ್ನು ಕರೆದು ಕೂರಿಸಿ, ತಪ್ಪು ಬರೆದುಕೊಳ್ಳಿ ಎನ್ನುತ್ತಿದ್ದರು. ನಾನು ಹುಡುಕಿ ಹುಡುಕಿ ಒಂದು ತಪ್ಪು ಹೇಳಿದರೆ ಅದನ್ನು ಕಿಸೆಯ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಒಮ್ಮೆ ಯರಗುಪ್ಪಿಯಿಂದ ಬರುವ ಹುಡುಗಿಯೊಬ್ಬಳು, ಹೆಸರುಕಾಳು ಚೆನ್ನಾಗಿ ಬೆಳೆದ ವರ್ಷವೇ ರೇಟು ಯಾಕೆ ಬೀಳುತ್ತದೆ ಎಂದು ಕೇಳಿದಳು. ಅದು ಮುಂದಿನ ಅಧ್ಯಾಯದಲ್ಲಿ ಬರುತ್ತದೆ, ಈಗ ಇದನ್ನು ಬರೆದುಕೋ ಎಂದೆ. ಅಂದು ಸರ್ ಗೇಟು ದಾಟುವ ಮೊದಲೇ ಬಾಯಿ ತೆರೆದರು. "ಆ ಹುಡುಗಿ ಇನ್ನ ಕೈ ಎತ್ತೂದಿಲ್ರಿ. ಆಕಿ ಮುಂದಿನ ಅಧ್ಯಾಯಕ್ಕ ಹೋಗಿ ನಿಂತಿದ್ಲು, ನೀವ ಹಿಂದ ಉಳದ್ರಿ." ಮರುದಿನ ನಾನು ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡು, ಅದೇ ಪ್ರಶ್ನೆಯನ್ನು ಅವಳಿಂದ ಮತ್ತೆ ಕೇಳಿಸಿ, ಅಲ್ಲಿಂದಲೇ ಪಾಠ ಶುರು ಮಾಡಿದೆ. ನಾನು ಮೇಷ್ಟ್ರಾದದ್ದು ಆ ದಿನ. ಅದಕ್ಕೆ ಮೊದಲು ಸಂಬಳದ ದಿನ ಎಣಿಸುತ್ತಿದ್ದವಳು.

ಮೂರನೆಯ ವರ್ಷ ನಮ್ಮ ವಿಷಯಕ್ಕೆ ಬರುವ ಹುಡುಗರು ಕಡಿಮೆಯಾದರು. ಮುಂದಿನ ವರ್ಷ ಇಬ್ಬರಲ್ಲಿ ಒಬ್ಬರೇ ಉಳಿಯುವುದು ಖಾತ್ರಿಯಾಯಿತು. ಅವರಿಗೆ ಅನುಭವದ ಅಂಕ, ನನಗೆ ಡಿಗ್ರಿಯ ಅಂಕ, ಪಟ್ಟಿಯಲ್ಲಿ ಇಬ್ಬರ ಮೊತ್ತವೂ ಹೆಚ್ಚುಕಡಿಮೆ ಸಮವಿತ್ತು. ಅದೇ ಹೊತ್ತಿಗೆ ಬೋಧನಾ ಕೌಶಲದ ಏಳು ದಿನದ ಆನ್‌ಲೈನ್ ತರಬೇತಿ ಬಂತು. ಅದರ ಪ್ರಮಾಣಪತ್ರಕ್ಕೆ ಪಟ್ಟಿಯಲ್ಲಿ ಅಂಕವಂತೆ. ಸ್ಟಾಫ್ ರೂಮಿನಲ್ಲಿ ನಾವು ಐದಾರು ಮಂದಿ ಫೋನುಗಳನ್ನು ನೀರಿನ ಬಾಟಲಿಗೆ ಒರಗಿಸಿ, ದನಿ ಬಂದ್ ಮಾಡಿ, ಬುತ್ತಿ ಬಿಚ್ಚುತ್ತಿದ್ದೆವು. ಪಾಠ ಹೇಳುವುದು ಹೇಗೆ ಎಂದು ಫೋನು ಹೇಳುತ್ತಿತ್ತು, ಬಾಟಲಿ ಕೇಳುತ್ತಿತ್ತು. ಸರ್ ಮಾತ್ರ ಇನ್ನೂರು ಪುಟದ ನೋಟ್‌ಬುಕ್ ತಂದು, ಕಿವಿಗೆ ವೈರು ಸಿಕ್ಕಿಸಿಕೊಂಡು ಬರೆದೇ ಬರೆದರು. ನಡುನಡುವೆ ಚಲೋ ಹೇಳ್ತಾರ್ರಿ ಎಂದು ಯಾರಿಗೋ ಹೇಳಿದರೆ ನಾವು ಮುಸಿಮುಸಿ ನಗುತ್ತಿದ್ದೆವು.

ಏಳನೆಯ ದಿನ ಕೊನೆಗೊಂದು ಫಾರ್ಮು ಬರುವುದಿತ್ತು. ಅರ್ಧ ತಾಸು ಮಾತ್ರ ತೆರೆದಿರುತ್ತದೆ, ತುಂಬಿದವರಿಗಷ್ಟೇ ಪ್ರಮಾಣಪತ್ರ ಎಂದಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು, ಆ ಹೊತ್ತಿಗೆ ಸರ್‌ಗೆ ಕ್ಲಾಸು. ಹೋಗುವಾಗ, ಫಾರ್ಮು ಬಂದರೆ ಬಂದು ಕರೆಯಿರಿ ಮೇಡಂ ಎಂದು ನನಗೆ ಹೇಳಿ ಹೋದರು.

ಬಂತು. ಮೊದಲು ನನ್ನದು ತುಂಬಿದೆ. ಆಮೇಲೆ ಅವರ ಕ್ಲಾಸಿನ ಬಾಗಿಲಿಗೆ ಹೋದೆ. ಒಬ್ಬ ಹುಡುಗ ಬೋರ್ಡಿನ ಮುಂದೆ ತಡವರಿಸುತ್ತ ಲೆಕ್ಕ ಬಿಡಿಸುತ್ತಿದ್ದ. ಸರ್ ಗೋಡೆಗೆ ಒರಗಿ, ಅವನಿಗೆ ಹೊಳೆಯಲಿ ಎಂದು ಕಾಯುತ್ತಿದ್ದರು. ನಡೆಯುವ ಕ್ಲಾಸನ್ನು ಮುರಿಯಬಾರದೆಂದು ನನಗೆ ಕಲಿಸಿದವರೇ ಅವರು. ಐದು ನಿಮಿಷ ಬಿಟ್ಟು ಕರೆಯೋಣ ಎಂದುಕೊಂಡು ಹೊರಗೆ ನಿಂತೆ. ಐದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಗಂಟೆ ಹೊಡೆದು ಅವರು ಹೊರಬಂದಾಗ ಫಾರ್ಮು ಮುಚ್ಚಿತ್ತು.

ಪಾಠದ ಮೇಲಿನ ಗೌರವದಿಂದಲೇ ನಿಂತೆನೇ? ಒಬ್ಬರೇ ಉಳಿಯುವುದು ಎಂಬುದು ಆ ಬಾಗಿಲಲ್ಲಿ ನನಗೆ ನೆನಪಿರಲಿಲ್ಲವೇ? ನೆನಪಿತ್ತು. ಇಷ್ಟು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಸರ್ ನನ್ನ ಮುಖವನ್ನೇ ನೋಡಿದರು. "ಕ್ಲಾಸ್ ಮುರೀಲಿಲ್ಲಲ್ರಿ, ಚಲೋ ಆತು" ಎಂದರು. ತರಬೇತಿಯವರಿಗೆ ಎರಡು ಪತ್ರ ಬರೆದರು, ಉತ್ತರ ಬರಲಿಲ್ಲ. ಜೂನಿನ ಪಟ್ಟಿಯಲ್ಲಿ ನಾನು ಮೇಲೆ, ಅವರು ಕೆಳಗೆ. ಆಮೇಲೆ ಅವರು ಅಣ್ಣಿಗೇರಿಯ ಗೊಬ್ಬರದಂಗಡಿಯೊಂದರಲ್ಲಿ ಬಿಲ್ಲು ಬರೆಯಲು ಸೇರಿದರು. ನಾನು ಒಮ್ಮೆಯೂ ಆ ಅಂಗಡಿಯ ಕಡೆ ಹಾಯಲಿಲ್ಲ. ಎರಡು ವರ್ಷ ಕಳೆದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿ, ಸರ್ ಅಂಗಡಿಯಲ್ಲೇ ಕುಸಿದು ತೀರಿಕೊಂಡರು ಎಂದ.

ಮಣ್ಣಿಗೆ ಹೋಗಲಾಗಲಿಲ್ಲ. ವಾರ ಬಿಟ್ಟು ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು. ನನ್ನ ಹೆಸರು ಸರ್ ಭಾಳ ಹೇಳುತ್ತಿದ್ದರಂತೆ. ಆಮೇಲೆ ಆ ಇನ್ನೂರು ಪುಟದ ನೋಟ್‌ಬುಕ್ ತಂದು ತೋರಿಸಿದರು. "ಇದರ ಸರ್ಟಿಫಿಕೇಟ್ ಆಫೀಸಿನ್ಯಾಗ ತಡದೈತಿ, ಬರತೈತಿ ಅಂತಿದ್ರು. ಇಷ್ಟು ಬರದಾರ, ಕಾಗದ ಒಂದರ ಮನಿಗೆ ಬರ್ಲಿ. ನೀವ ಒಂದಿಷ್ಟು ಕೇಳ್ರಿ ಮೇಡಂ."

ಕೇಳುತ್ತೇನೆ ಎಂದೆ. ಅವರು ನನ್ನ ನಂಬರು ಬರೆದುಕೊಂಡರು. ಈಗ ತಿಂಗಳಿಗೊಮ್ಮೆ ಫೋನು ಮಾಡಿ, ಬಂತೇನ್ರಿ ಎಂದು ಕೇಳುತ್ತಾರೆ. ಇನ್ನೂ ಆಫೀಸಿನಲ್ಲೇ ಇದೆ ಅನ್ನುತ್ತೇನೆ.