ಕಚ್ಚಾ ಹೊಲಿಗೆ

ತಾರಿಹಾಳದ ನಮ್ಮ ಶೆಡ್ಡಿನಲ್ಲಿ ಲಾರಿಗಳ ತಾಡಪತ್ರಿ ಹೊಲಿಯುತ್ತೇವೆ. ನಾನು ಹಾಕಿದ ಹೊಲಿಗೆ ಹರಿದದ್ದೇ ಇಲ್ಲ ಎಂಬ ಜಂಬ ನನಗಿತ್ತು. ಅದಕ್ಕೇ ತಂಗಿ ತನ್ನ ಗಾಡಿಯ ಕೆಲಸವನ್ನು ನನಗೆ ತಂದಳು. ಧ್ರುವದ ಹೆಪ್ಪುಗಟ್ಟಿದ ಕಡಲಿನ ಮೇಲೆ ಓಡಿಸಲು ಅವಳ ತಂಡ ರೂಪಿಸುತ್ತಿದ್ದ, ಗಾಳಿಯ ಮೇಲೆ ತೇಲುವ ಗಾಡಿ ಅದು. ಕೆಳಗೆ ಊದಿದ ಗಾಳಿ ಸೋರದಂತೆ ಸುತ್ತಲೂ ರಬ್ಬರ್ ಬಟ್ಟೆಯ ಪಟ್ಟಿಗಳು ಇಳಿಬಿದ್ದಿರಬೇಕು. ಸೀರೆಯೊಳಗಿನ ಲಂಗದಂತೆ ಕಂಡದ್ದಕ್ಕೆ ಶೆಡ್ಡಿನವರು ಅದಕ್ಕೆ ಪರಕಾರವೆಂದೇ ಹೆಸರಿಟ್ಟರು. ಸುದ್ದಿ ಕೇಳಿ ಗೋಕುಲ ರಸ್ತೆಯಿಂದ ಒಬ್ಬ ಹೆಂಗಸು ಸೀರೆ ಹಿಡಿದುಕೊಂಡೇ ಬಂದಳು: "ಇದಕ್ಕ ಮ್ಯಾಚಿಂಗ್ ಪರಕಾರ ಹೊಲೀತೀರೇನ್ರಿ?"

ಗಾಡಿ ಓಡಿಸುವವಳು ತಂಗಿಯೇ. ಅಂಜಿ ಅಂಜಿ ಎಲ್ಲ ಕಡೆ ಜೋಡಿ ಹೊಲಿಗೆ ಹಾಕಿದೆ.

ಪರೀಕ್ಷೆಗೆ ಮುಗದ ಊರಿನಲ್ಲಿ ಅಪ್ಪನ ಗೆಳೆಯರೊಬ್ಬರ ಹೊಲ ಸಿಕ್ಕಿತು. ನೇಗಿಲು ಹೊಡೆದು ಬಿಸಿಲಿಗೆ ಬಿಟ್ಟಿದ್ದರಿಂದ ಹೆಂಟೆಗಳು ಕಲ್ಲಿನಂತಿದ್ದವು. "ಬರ್ಫದ ಗಾಡಿ ತಂದೀರಿ, ಏನ್ ಬಿತ್ತತೀರವಾ?" ಎಂದು ಕಾಕಾ ನಕ್ಕರು. ಗಾಡಿ ದೂಳೆಬ್ಬಿಸುತ್ತ ಓಡಿತು. ಅಷ್ಟರಲ್ಲಿ ಒಂದು ಪಟ್ಟಿ ಹೂತ ಬೇರಿಗೆ ಸಿಕ್ಕಿತು. ಹೊಲಿಗೆ ಬಿಡಲಿಲ್ಲ. ಗಾಡಿಯೇ ಗಕ್ಕನೆ ನಿಂತು ವಾಲಿತು, ತಂಗಿ ಹೊರಗೆ ಬಿದ್ದಳು. ಓಡಿಹೋಗಿ ನೋಡಿದರೆ ಹಣೆಯ ತುಂಬ ರಕ್ತ.

"ನಿನ್ನ ಹೊಲಿಗಿ ಭಾಳ ಗಟ್ಟಿ ಅಕ್ಕಾ," ಅಂದಳು. "ಅಲ್ಲೆ ಬರ್ಫದಾಗ ಹಿಂಗ ಹಿಡಕೊಂಡ್ರ ನನ್ನ ಎಬ್ಬಸಾಕ ಯಾರೂ ಇರಂಗಿಲ್ಲ. ಕಚ್ಚಾ ಹೊಲಿಗಿ ಹಾಕು. ಸಿಕ್ಕಿದ್ದೊಂದು ಹರದ ಹೋಗ್ಲಿ, ಉಳದವು ಗಾಳಿ ಹಿಡೀತಾವ."

"ಏ ಹುಚ್ಚಿ, ಹರಿಯೂ ಹೊಲಿಗಿ ನನ್ನ ಕೈಲೆ ಆಗೂದಿಲ್ಲ!"

ಸಿಟ್ಟು ಮಾಡಿದೆ, ಆದರೂ ಹಾಕಿದೆ. ಪಟ್ಟಿಯ ಮೇಲಂಚಿಗೆ ಒಂದೆಳೆ ದಾರ, ಅಗಲ ಅಗಲ ಟಾಕಾ. ಜಗ್ಗಿ ನೋಡುವುದು, ಹರಿಯದಿದ್ದರೆ ಬಿಚ್ಚಿ ಇನ್ನೂ ಸಡಿಲ ಹಾಕುವುದು.

ಅವಳು ಹಡಗು ಹತ್ತಿದಳು. ಬರ್ಫದ ಮೇಲೆ ಇಳಿದ ಮೇಲೆ ಸುದ್ದಿಯೇ ಇಲ್ಲ. ಚರ್ಚಿನಲ್ಲಿ ಮೊಣಕಾಲೂರಿದರೂ ಆ ದಾರವೇ ಕಣ್ಣ ಮುಂದೆ. ಹರಿಯಲಿ ಎಂದು ಬೇಡಲೋ, ಹರಿಯದಿರಲಿ ಎಂದೋ ತಿಳಿಯದೆ ಸುಮ್ಮನೆ ಎದ್ದು ಬರುತ್ತಿದ್ದೆ.

ಒಂದು ಮಧ್ಯಾಹ್ನ ಫೋನ್ ಬಂತು. ಗಾಳಿಯ ಸದ್ದು, ನಡುವೆ ಅವಳ ದನಿ.

"ಅಕ್ಕಾ, ಬರ್ಫದ ಚೂಪಿಗೆ ಸಿಕ್ಕೊಂಡಿದ್ದೆ. ಹೊಲಿಗಿ ಹರೀತು. ಕ್ಯಾಂಪಿಗೆ ಮುಟ್ಟೇನಿ."

"ಖರೇನ ಹರೀತು?"

"ಪರ್ರಂತ ಹರೀತು."

ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಏನೋ ಕೆಟ್ಟ ಸುದ್ದಿಯೆಂದು ಶೆಡ್ಡಿನವರು ಮಷಿನ್ ಬಿಟ್ಟು ಓಡಿಬಂದರು.

"ನನ್ನ ಹೊಲಿಗಿ ಹರೀತ್ರಪಾ," ಎಂದೆ.