ಮನಿ ನೋಡುವ ಕಾಶವ್ವ

ಮುಧೋಳದ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಮನೆಯೊಂದಿದೆ. ಬೆಳಗಾಗುತ್ತಲೇ ನಾಲ್ಕೈದು ಹೆಂಗಸರು ಸಾಲಾಗಿ ಕೂತು ಬಡಿಯತೊಡಗಿದರೆ ಆ ಸಪ್ಪಳ ನನ್ನ ಅಡುಗೆಮನೆಯ ಕಿಟಕಿಯವರೆಗೂ ಬರುತ್ತದೆ. ಒಬ್ಬಳದು ಅವಸರದ ಬಡಿತ, ಒಬ್ಬಳದು ಹಗುರ, ಇನ್ನೊಬ್ಬಳು ಬಳೆ ಹಿಂದಕ್ಕೆ ಸರಿಸಿಕೊಳ್ಳಲು ನಡುನಡುವೆ ನಿಲ್ಲಿಸುತ್ತಾಳೆ. ಚಹಾದ ಬಟ್ಟಲು ಹಿಡಿದು ನಾನು ಅಲ್ಲೇ ನಿಂತುಬಿಡುತ್ತೇನೆ. "ಅದೇನ್ ಕೇಳಾಕತ್ತೀ ದಿನಾ?" ಎಂದು ನನ್ನ ಗಂಡ ನಗುತ್ತಾನೆ. ಏನೆಂದು ಹೇಳಲಿ? ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಒಂದು ಮನೆಯ ಸುಖದುಃಖ ಹೇಳಬಲ್ಲ ಹೆಂಗಸೊಬ್ಬಳ ತೊಡೆಯ ಮೇಲೆ ಬೆಳೆದವಳು ನಾನು.

ಅವಳು ಕಾಶವ್ವ, ನನ್ನ ಅಜ್ಜನ ತಂಗಿ. ಮನೆಯ ಮಕ್ಕಳಿಗೆ ಆಯಿ, ಬನಹಟ್ಟಿಯ ನಮ್ಮ ಓಣಿಗೆಲ್ಲ ಸಿಐಡಿ ಕಾಶವ್ವ. ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಗಂಡಸರು ಹತ್ತು ಮಂದಿ ಟೆಂಪೋ ಮಾಡಿಕೊಂಡು ಹೋಗಿ, ಉಪ್ಪಿಟ್ಟು ಶಿರಾ ತಿಂದು, ಹೊಲದ ಬಾವಿಯಲ್ಲಿ ಇಣುಕಿ, "ಛಲೋ ಮನಿ" ಎಂದು ತೇಗುತ್ತ ಬರುತ್ತಾರೆ. ಕಾಶವ್ವ ಅದಕ್ಕೂ ಎಂಟು ದಿನ ಮೊದಲೇ ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ಯಾವುದೋ ಊರಿಗೆ ಹೊರಟ ದಾರಿಹೋಕಳಂತೆ ಆ ಮನೆಯ ಕಟ್ಟೆಯ ಮೇಲೆ ಕೂತು, "ಯವ್ವಾ, ಒಂದ್ ತಂಬಗಿ ನೀರ ಕೊಡ್ರಿ" ಎನ್ನುವಳು. ನೀರು ಯಾರು ತರುತ್ತಾರೆ, ತಂದ ಸೊಸೆ ಮಾತಾಡುವ ಮೊದಲು ಯಾರ ಮುಖ ನೋಡುತ್ತಾಳೆ, ಇಷ್ಟೇ ಅವಳಿಗೆ ಬೇಕಾಗಿದ್ದುದು. ಮಹಾಲಿಂಗಪುರದ ಒಂದು ದೊಡ್ಡ ಮನೆಯನ್ನು ಊರೆಲ್ಲ ಹೊಗಳುತ್ತಿದ್ದಾಗ ಇವಳೊಬ್ಬಳೇ ಬೇಡವೆಂದಳು. "ದೇವರ ಕೋಣಿಗೂ ಕೀಲಿ ಹಾಕಿ ಕೀಲೀಕೈ ಸೊಂಟಕ್ಕ ಸಿಗಿಸ್ಯಾಳ ಆ ತಾಯಿ. ತನ್ನ ಮಗನ ಮ್ಯಾಲ ತನಗ ನಂಬಿಗಿ ಇಲ್ಲ, ನಾವ್ಯಾಕ ನಂಬೂಣು?" ಆ ವರನ ಕುಡಿತ, ಜೂಜು ಆಮೇಲೆ ಬಯಲಾಯಿತು. ಇನ್ನೊಮ್ಮೆ ಜಮಖಂಡಿಯ ಹತ್ತಿರ ಒಂದು ಸೋರುವ ತಗಡಿನ ಮನೆ ನೋಡಿ ಬಂದು, "ಮಳಿ ಬಂತಂತ ಸೊಸಿ ಚಪ್ಪಲಿ ಮಾವ ಎತ್ತಿ ಒಳಗಿಟ್ಟಾನ. ಕಣ್ಮುಚ್ಚಿ ಕೊಡ್ರಿ" ಎಂದಳು. ಆ ಹುಡುಗಿ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ.

ಅವಳ ದೊಡ್ಡ ಸಾಕ್ಷಿಯೆಂದರೆ ರೊಟ್ಟಿಯ ಸಪ್ಪಳ. ಕಟ್ಟೆಯ ಮೇಲೆ ಕೂತು ಒಳಗಿನ ಬಡಿತಕ್ಕೆ ಕಿವಿ ಕೊಡುವಳು. ಮನೆಯ ಹಿರಿಯರು ಅಡುಗೆಮನೆಯತ್ತ ನಡೆದಾಗಲೂ ಬಡಿತ ಸಾಗಿದರೆ ಒಳ್ಳೆಯ ಮನೆ. ಹೆಜ್ಜೆಯ ಸದ್ದಿಗೆ ಬಡಿತ ನಿಂತರೆ ಆ ಮನೆಯಲ್ಲಿ ಸೊಸೆ ಅಂಜಿ ಬದುಕುತ್ತಿದ್ದಾಳೆ. ಈ ವಿದ್ಯೆಯನ್ನು ಅವಳು ಕಲಿತದ್ದು ತನ್ನ ಮೈಯಿಂದಲೇ. ಹದಿನಾಲ್ಕರ ಹುಡುಗಿಯನ್ನು ಬೀಳಗಿಯ ಕಡೆಯ ಹೊಲಮನೆಯವರಿಗೆ ಕೊಟ್ಟಾಗ ಅವಳಪ್ಪ ನೋಡಿದ್ದು ಎತ್ತು, ಬಾವಿ, ಕಣಜ. ಒಳಗೆ ಯಾರೂ ಇಣುಕಲಿಲ್ಲ. ಗಂಡ ತೀರಿಕೊಂಡು ಬರಿಗೈಯಲ್ಲಿ ತವರಿಗೆ ಮರಳುವವರೆಗೆ ಆ ಮನೆಯಲ್ಲಿ ತಾನು ಒಮ್ಮೆಯೂ ಹೊಟ್ಟೆ ತುಂಬ ಉಂಡಿರಲಿಲ್ಲ ಎನ್ನುತ್ತಿದ್ದಳು. "ನಮ್ಮಪ್ಪ ಕೆಟ್ಟಾಂವಲ್ಲವ್ವ. ಆದ್ರ ನೋಡೂದು ಗೊತ್ತಿರಲಿಲ್ಲ." ಅಷ್ಟು ಹೇಳಿ ಮಗ್ಗದ ನೂಲಿನ ಕಂಡಿಕೆ ಸುತ್ತತೊಡಗುವಳು. ಯಾರ ಮನೆಯ ಹುಡುಗಿಗಾಗಿ ಹೋದರೂ ಅವಳು ಒಂದು ಕುಪ್ಪಸದ ಖಣವನ್ನೂ ಇಸಿದುಕೊಂಡವಳಲ್ಲ.

ಅವಳು ಮರಳಿದ ಆ ತವರೇ ನಮ್ಮ ಮನೆ. ಪಡಸಾಲೆಯಲ್ಲಿ ಎರಡು ಮಗ್ಗ, ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ, ಹಗಲೆಲ್ಲ ಖಟಖಟ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಆಯಿಯದೇ. ನನ್ನಪ್ಪನನ್ನೂ ಅವನ ತಮ್ಮ ಮಾದೇವ ಕಾಕಾನನ್ನೂ ಸಾಕಿದವಳು ಅವಳು. ಕಾಕಾ ಅಂದರೆ ಅವಳ ಜೀವ. ನನಗೆ ಎಂಟು ವರ್ಷವಾದಾಗ ಕಾಕಾನಿಗೆ ಮೂವತ್ತೈದು ಸಮೀಪಿಸಿತ್ತು. ಮಗ್ಗದವರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುವ ಕಾಲ. ಕಡೆಗೆ ತೇರದಾಳದ ಒಂದು ಮನೆಯವರು ಅರ್ಧ ಒಪ್ಪಿದ್ದರು. ಕಾಕಾ ತಾನೇ ನಿಂತು ಮುಂಬಾಗಿಲಿನ ಗೋಡೆಗೆ ಸುಣ್ಣ ಬಳಿದ, ಹೊಸ ಅಂಗಿ ಹೊಲಿಸಿದ. ಇದು ತಪ್ಪಿದರೆ ಇನ್ನೊಂದು ಸಂಬಂಧ ಬರುವ ಭರವಸೆ ಯಾರಿಗೂ ಇರಲಿಲ್ಲ. ಆಯಿಗಂತೂ ಊಟವೇ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಡಸರೆಲ್ಲ ನೂಲು ತರಲು ಹೋಗಿದ್ದರು. ಮಗ್ಗಗಳು ಸುಮ್ಮನಿದ್ದವು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತಿದ್ದೆ. ಅಪರಿಚಿತ ಮುದುಕಿಯೊಬ್ಬಳು ಬಂದು ಕಟ್ಟೆಗೆ ಕೂತು, "ಯಕ್ಕಾ, ಒಂದೀಟ ನೀರ ಕೊಡ್ರಿ" ಎಂದಳು. ಆಯಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೀರು ಬೇಡಿದವಳು ಒಂದು ಗುಟುಕು ಕುಡಿದು ತಂಬಿಗೆ ಕೆಳಗಿಟ್ಟಳು, ಕಣ್ಣು ಮಾತ್ರ ನಮ್ಮ ಗೋಡೆಯ ಮಾಡದಲ್ಲಿಟ್ಟ ಪಾತ್ರೆಗಳನ್ನು ಎಣಿಸುತ್ತಿತ್ತು. ಆಯಿಯ ತುಟಿಯಂಚಿನಲ್ಲಿ ನಗು ಬಂತು. "ತೇರದಾಳ ಬಸ್ಸ ಇವತ್ತ ಲಗೂನ ಬಂತ ಕಾಣಸ್ತೈತಿ" ಎಂದಳು. ಆ ಮುದುಕಿಯೂ ನಕ್ಕುಬಿಟ್ಟಳು. "ನಿಮ್ಮ ಹೆಸರ ಕೇಳಿದ್ದೆ ಕಾಶವ್ವಾರ. ನಿಮ್ಮ ಮನೀನ ನೋಡಾಕ ಬರಬೇಕಾಗ್ತೈತಿ ಅಂತ ಅನಕೊಂಡಿರಲಿಲ್ಲ. ನಾ ಆ ಹುಡುಗಿ ಅಜ್ಜಿರಿ." ಒಂದೇ ಕಸುಬಿನ ಇಬ್ಬರು ಸಿಕ್ಕಂತಾಯಿತು. ಯಾವ ಊರಿನ ಅತ್ತೆ ಎಂಥವಳು ಎಂದು ಇಬ್ಬರೂ ಹೊತ್ತು ಹೋದದ್ದು ತಿಳಿಯದೆ ಹರಟಿದರು.

ಆಮೇಲೆ ಆಯಿ, "ತಡೀರಿ, ಚಾ ಮಾಡಾಕ ಹೇಳ್ತೇನಿ" ಎಂದು ಎದ್ದು ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟಳು. ಒಳಗೆ ಬಡಿತ ನಿಂತಿತು.

ಆಯಿಯೂ ನಿಂತಳು. ಅವಳ ಮುಖ ಬಣ್ಣಗೆಟ್ಟದ್ದು ನನಗೆ ಇವತ್ತಿಗೂ ಕಾಣುತ್ತದೆ. ಬೇಕೆಂದೇ ಅವಳು ಎರಡು ಹೆಜ್ಜೆ ಹಿಂದೆ ಬಂದಳು. ಬಡಿತ ಮತ್ತೆ ಶುರುವಾಯಿತು. ಮುಂದೆ ಹೋದಳು; ನಿಂತಿತು. ಕಟ್ಟೆಯ ಮೇಲಿದ್ದವಳು ಅದನ್ನೆಲ್ಲ ಕೇಳಿದಳು. ಆದರೂ ಒಳ್ಳೆಯವಳು, ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಳು. "ಹಿಟ್ಟ ತೀರಿರಬೇಕ ತಗೋರಿ ಯಕ್ಕಾ." ಹೌದು ಎಂದು ಒಂದು ಮಾತು ಆಡಿದ್ದರೆ ಕಾಕಾನ ಮದುವೆ ಆಗಿಹೋಗುತ್ತಿತ್ತು.

"ಇಲ್ರಿ," ಎಂದಳು ಆಯಿ. "ನನ್ನ ಕಾಲ ಸಪ್ಪಳಕ್ಕ ನಿಂತೈತಿ. ಹತ್ತ ವರ್ಷ ಆತು ಆಕಿ ಬಂದು. ಮಗ್ಗದ ಗದ್ದಲದಾಗ ನನಗ ಕೇಳಸಿರಲಿಲ್ಲ ಅಂತ ಮಗ್ಗದ ಮ್ಯಾಲ ಹಾಕಬಹುದು. ಆದ್ರ ಕೇಳಬೇಕಂದಿದ್ರ ಕೇಳಸ್ತಿತ್ತು. ನೀವು ವಿಚಾರ ಮಾಡಿ ಕೊಡ್ರಿ."

ತೇರದಾಳದವಳು ಹೋದ ಮೇಲೆ ಆಯಿ ಅಡುಗೆಮನೆಗೆ ಹೋಗಿ ಒಲೆಯೆದುರು ನೆಲಕ್ಕೇ ಕೂತಳು. ನಾನು ಬಾಗಿಲಿಗೆ ಆತು ನಿಂತಿದ್ದೆ. "ಶಾಂತಾ, ನನಗ ಯಾಕ ಅಂಜತೀ?" ಎಂದು ಕೇಳಿದಳು. ಅವ್ವ, "ಇಲ್ರಿ ಅತ್ತಿ, ಅಂಜಿಕಿ ಎಲ್ಲೀದು" ಎಂದು ಹಿಟ್ಟು ನಾದುತ್ತಲೇ ಇದ್ದಳು. "ಈ ಮಾತ ನಾ ಮಂದಿ ಮನ್ಯಾಗ ಬಾಳ ಕೇಳೇನಿ. ಖರೆ ಹೇಳು." ಅವ್ವ ತಲೆಯೆತ್ತದೆ ಹೇಳಿದಳು: "ನಾ ಬಂದ ಮೂರನೇ ದಿನ ರೊಟ್ಟಿ ಹರೀತು. ನೀವು ಬಾಗಲದಾಗ ನಿಂತು, 'ನಿಮ್ಮವ್ವ ಇದನ್ನೂ ಕಲಿಸಲಿಲ್ಲೇನು' ಅಂದ್ರಿ. ನಮ್ಮವ್ವ ಸತ್ತು ಆಗ ಆರ ತಿಂಗಳ ಆಗಿತ್ರಿ. ಅವತ್ತಿಂದ ನೀವು ಬಂದ್ರ ಕೈ ತಾನ ನಿಲ್ಲತಾವ."

ಇಪ್ಪತ್ತು ವರ್ಷದ ಹಿಂದೆ ನೋಡಿದ ಮನೆಯ ಬಾಗಿಲಿನ ಬಣ್ಣ ಹೇಳುತ್ತಿದ್ದ ನಮ್ಮ ಆಯಿಗೆ ತಾನಾಡಿದ ಆ ಮಾತು ನೆನಪಿರಲಿಲ್ಲ. "ನಾ ಹಂಗ ಅಂದಿದ್ನ್ಯಾ?" ಎಂದು ಎರಡು ಸಲ ಕೇಳಿದಳು. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಅಂದಿರಬೇಕು. ನೀ ಸುಳ್ಳ ಹೇಳಾಕಿ ಅಲ್ಲ. ಊರಿಗುಪಕಾರಿ, ಮನಿಗೆ ಮಾರಿ ಅಂತಾರಲ್ಲ, ಅದ ಆತು ನಂದು." ಆಮೇಲೆ ಅವ್ವನ ಹಿಟ್ಟು ಮೆತ್ತಿದ ಕೈ ಹಿಡಿದು, "ತಪ್ಪಾತು, ಶಾಂತಾ" ಎಂದಳು. ಅವ್ವ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದರೂ ಇಬ್ಬರೂ ನೋಡಲಿಲ್ಲ. ನಮ್ಮ ಸೀಮೆಯಲ್ಲಿ ಅತ್ತೆಯೊಬ್ಬಳು ಸೊಸೆಗೆ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ತೇರದಾಳದ ಹುಡುಗಿ ಬರಲಿಲ್ಲ. ಯಾಕೆಂದು ಆಯಿಯೇ ಕಾಕಾನಿಗೆ ಹೇಳಿದಳು. ಎರಡು ದೀಪಾವಳಿ ಅವನು ಅವಳೊಡನೆ ಮಾತಾಡಲಿಲ್ಲ. ರನ್ನ ಬೆಳಗಲಿಯಿಂದ ಅವನ ಹೆಂಡತಿ, ನಮ್ಮ ಕಾಕು, ಮನೆ ತುಂಬಿದ ಮೇಲೇ ಅವನ ಸಿಟ್ಟು ಇಳಿದದ್ದು. ಆಯಿ ಅದನ್ನೆಲ್ಲ ನುಂಗಿಕೊಂಡಳು. ಅವ್ವನ ಅಂಜಿಕೆಯೂ ಒಂದೇ ದಿನಕ್ಕೆ ಹೋಗಲಿಲ್ಲ. ಅಡುಗೆಮನೆಗೆ ಹೋಗಬೇಕಾದಾಗಲೆಲ್ಲ ಆಯಿ ಅಂಗಳದಿಂದಲೇ, "ಶಾಂತಾ, ನಾನ ಬರಾಕತ್ತೇನಿ, ಕೈ ನಿಲ್ಲಸಬ್ಯಾಡ!" ಎಂದು ಕೂಗುವಳು. ಓಣಿಯವರು ಮುದುಕಿಗೆ ಅರಳುಮರಳು ಎಂದುಕೊಂಡರು. ಒಂದು ದಿನ ಒಳಗಿನಿಂದ ಅವ್ವ, "ಬರ್ರಿ ಸಾಕು, ಊರಿಗೆಲ್ಲಾ ಡಂಗುರ ಹೊಡೀಬ್ಯಾಡ್ರಿ" ಎಂದು ಗದರಿದಳು. ಆಯಿ ಬಾಗಿಲಲ್ಲೇ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ನನಗೆ ಈ ಮುಧೋಳದ ಸಂಬಂಧ ಬಂದಾಗ ಆಯಿಯ ಕಣ್ಣಿಗೆ ಪೊರೆ ಬಂದಿತ್ತು, ಬಸ್ಸು ಹತ್ತುವ ಶಕ್ತಿ ಇರಲಿಲ್ಲ. ಅವಳ ಬದಲಿಗೆ ಅವ್ವನೇ ಹೋಗಿ ಕಟ್ಟೆಯ ಮೇಲೆ ಕೂತು ನೀರು ಬೇಡಿ ಬಂದಳು. ಹಾಸಿಗೆಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಒಪ್ಪಿಸಿದಳು. ಕೇಳಿಸಿಕೊಂಡ ಆಯಿ ಕೇಳಿದ್ದು ಒಂದೇ: "ಅದೆಲ್ಲಾ ಇರಲಿ. ತಪ್ಪಾತು ಅನ್ನೂ ಹಿರ್ಯಾರು ಆ ಮನ್ಯಾಗ ಅದಾರೇನು?"

"ಅದು ಒಂದ ದಿನದಾಗ ಗೊತ್ತಾಗೂದಿಲ್ರಿ ಅತ್ತಿ. ನನಗ ಹತ್ತ ವರ್ಷ ಬೇಕಾತು" ಎಂದಳು ಅವ್ವ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು.

ನನ್ನ ಮದುವೆಯಾದ ವರ್ಷವೇ ಆಯಿ ಹೋದಳು. ಮಗ್ಗ ಮಾರಿದ್ದಾಯಿತು, ಮನೆಯನ್ನು ಎರಡು ಪಾಲು ಮಾಡಿ ನಡುವೆ ಗೋಡೆ ಎಬ್ಬಿಸಿದ್ದಾಯಿತು. ಅವಳು ಕೂರುತ್ತಿದ್ದ ಕಟ್ಟೆ ರಸ್ತೆಗೆ ಹೋಯಿತು. ಇಲ್ಲಿಗೆ ಬಂದ ಮೂರನೆಯ ವರ್ಷ, ಹಾಲು ಉಕ್ಕಿದ ಒಂದು ಕ್ಷುಲ್ಲಕ ಜಗಳದಲ್ಲಿ ನನ್ನ ಅತ್ತೆ ನನ್ನ ತವರಿನ ಮಾತೆತ್ತಿದರು. ಸಂಜೆ ತಾವೇ ಬಂದು ಪಕ್ಕದಲ್ಲಿ ಕೂತು, "ತಪ್ಪಾತವ್ವ, ಹಂಗ ಅನಬಾರದಿತ್ತು" ಎಂದರು. ನಾನು ಗಳಗಳ ಅತ್ತುಬಿಟ್ಟೆ. ಪಾಪ, ಅವರು ಗಾಬರಿಯಾದರು. ಅವತ್ತೇ ಅವ್ವನಿಗೆ ಫೋನ್ ಮಾಡಿ ಹೇಳಿದೆ.

"ಇದನ್ನ ಕೇಳಾಕ ನಮ್ಮ ಅತ್ತಿ ಇರಬೇಕಿತ್ತು" ಎಂದಳು ಅವ್ವ.